ಬಸ್ಸು ನಿಲ್ಲದ ತಂಗುದಾಣದಲ್ಲಿ ನಮ್ಮ ಸಂಶೋಧನೆ

ಪದವಿ ಓದುವ ಮಕ್ಕಳಿಂದ ಸರಕಾರದ ನೀತಿಗಳ ಬಗ್ಗೆ ಸಂಶೋಧನೆ ಮಾಡಿಸುವುದು ನನ್ನ ವೃತ್ತಿಯ ಕೊನೆಯ ವರ್ಷಗಳ ಕೆಲಸವಾಗಿತ್ತು. ಹೆಸರಿಗೆ ನಾನು ಅರ್ಥಶಾಸ್ತ್ರದ ಅಧ್ಯಾಪಕಿ. ನಮ್ಮ ವಿಶ್ವವಿದ್ಯಾನಿಲಯದವರು ‘ನೀತಿ ಸ್ಕಾಲರ್ಸ್’ ಎಂಬ ಯೋಜನೆ ಶುರು ಮಾಡಿದಾಗ ಅದನ್ನು ಯಾರು ನೋಡಿಕೊಳ್ಳಬೇಕು ಎಂದು ತೀರ್ಮಾನಿಸಲು ಒಂದು ಮೀಟಿಂಗ್ ಕರೆದಿದ್ದರು. ಹಲ್ಲುನೋವೆಂದು ಆ ದಿನ ರಜೆ ಹಾಕಿದ್ದೆ. ಮರುದಿನ ಬರುವಷ್ಟರಲ್ಲಿ ಸಂಯೋಜಕಿಯಾಗಿದ್ದೆ.

ಈಚೆಗೆ ನನ್ನ ಜಾಗಕ್ಕೆ ಬಂದ ಹುಡುಗಿ ಫೋನ್ ಮಾಡಿದ್ದಳು. “ಮೇಡಂ, ಈ ಕೆಲಸದಲ್ಲಿ ನಿಜವಾಗಿ ಎಂತ ಮಾಡ್ಲಿಕ್ಕೆ ಉಂಟು?” ನಿಯಮಾವಳಿಯ ಪ್ರಕಾರ ಉತ್ತರ ಸುಲಭ. ಪ್ರತಿ ವರ್ಷ ಕಲೆ, ವಾಣಿಜ್ಯ, ವಿಜ್ಞಾನ ಎಲ್ಲ ಕಡೆಯಿಂದ ಕೆಲವು ಮಕ್ಕಳನ್ನು ಆರಿಸಬೇಕು. ಅವರು ಊರಿನ ಒಂದೊಂದು ಸಮಸ್ಯೆಯನ್ನು ಹಿಡಿದು ವರ್ಷವಿಡೀ ಅಧ್ಯಯನ ಮಾಡಿ, ಸಂಬಂಧಪಟ್ಟ ಇಲಾಖೆಗೆ ಒಂದು ವರದಿ ಕೊಡಬೇಕು. ಆದರೆ ಅವಳು ಕೇಳಿದ್ದು ‘ನಿಜವಾಗಿ’ ಎಂದು. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಮೊದಲು ನಾವು ಪ್ರಶ್ನೆಗಳನ್ನು ಕಾಗದದಲ್ಲಿ ಅಚ್ಚು ಹಾಕಿಸಿಕೊಂಡು ಮನೆಮನೆಗೆ ಹೋಗುತ್ತಿದ್ದೆವು. ಕನ್ನಡ ವಿಭಾಗದವರು ಬಹಳ ಶ್ರದ್ಧೆಯಿಂದ ತಿದ್ದಿಕೊಟ್ಟ ಪ್ರಶ್ನೆಗಳು. ಉಳ್ಳಾಲದ ಒಂದು ಮನೆಯಲ್ಲಿ ನಮ್ಮ ಹುಡುಗನೊಬ್ಬ ವಯಸ್ಸಾದ ಬ್ಯಾರಿ ಹೆಂಗಸಿನ ಎದುರು ನಿಂತು, “ತಮ್ಮ ವಾಸಸ್ಥಳದ ಘನತ್ಯಾಜ್ಯ ವಿಲೇವಾರಿ ವ್ಯವಸ್ಥೆಯ ಕುರಿತು ತಮ್ಮ ಸಂತೃಪ್ತಿಯ ಮಟ್ಟವನ್ನು ದಯಮಾಡಿ ತಿಳಿಸತಕ್ಕದ್ದು” ಎಂದು ಓದಿದ. ಆಕೆ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಕೊನೆಯವರೆಗೂ ಕೇಳಿದರು. ಆಮೇಲೆ ದನಿ ತಗ್ಗಿಸಿ, “ಯಾರು ಮಗಾ ತೀರಿಹೋದದ್ದು?” ಎಂದು ಕೇಳಿದರು. ಅಷ್ಟು ಗಂಭೀರವಾದ ಕನ್ನಡವನ್ನು ಅವರು ಕೇಳಿದ್ದು ರಿಕ್ಷಾದಲ್ಲಿ ಮೈಕು ಕಟ್ಟಿ ಸಾವಿನ ಸುದ್ದಿ ಸಾರುವಾಗ ಮಾತ್ರ. ಅದಾದ ಮೇಲೆ ನಾವು “ಕಸದ ಗಾಡಿ ಬರ್ತದಾ? ಬಂದ್ರೆ ನಿಲ್ತದಾ?” ಎಂದು ಕೇಳಲು ಕಲಿತೆವು. ಕನ್ನಡ ವಿಭಾಗದವರು ಒಂದು ವರ್ಷ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಪ್ರಭಾಕರ ಸರ್ ಯೋಜನೆಯ ಡೈರೆಕ್ಟರಾಗಿ ಬಂದರು. ಕೆಟ್ಟ ಮನುಷ್ಯರಲ್ಲ. ಯಾರಿಗಾದರೂ ಆರಾಮಿಲ್ಲವೆಂದರೆ ಮನೆಗೇ ಬಂದು ಎಳನೀರು ಕೊಟ್ಟು ಹೋಗುತ್ತಿದ್ದರು. ಆದರೆ ಅವರಿಗೆ ‘ಇಂಪ್ಯಾಕ್ಟ್’ ಎಂಬ ಶಬ್ದದ ಗೀಳು ಹಿಡಿದಿತ್ತು. ಒಬ್ಬ ಹುಡುಗ ಚರಂಡಿ ಮತ್ತು ಸೊಳ್ಳೆಗಳ ಬಗ್ಗೆ ವರದಿ ತಂದಾಗ, “ಒಳ್ಳೆಯದುಂಟು. ಆದ್ರೆ ಇಂಪ್ಯಾಕ್ಟ್ ಎಲ್ಲಿ? ಇದನ್ನು ಬರೆದ ಮೇಲೆ ಸೊಳ್ಳೆಗಳಿಗೆ ಎಂತ ಆಯ್ತು?” ಎಂದು ನಿಜವಾಗಿಯೂ ಕೇಳಿದ್ದರು.

ಕಾಗದದ ಪ್ರಶ್ನಾವಳಿಯನ್ನು ನಿಲ್ಲಿಸಿ ಮೊಬೈಲ್ ಆ್ಯಪ್ ತಂದದ್ದೂ ಅವರೇ. ಮಕ್ಕಳು ನಿಂತಲ್ಲೇ ಉತ್ತರ ತುಂಬಿದರೆ ಅದು ನೇರವಾಗಿ ಡೈರೆಕ್ಟರ ಕೋಣೆಯ ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳಾಗಿ ಏಳುತ್ತಿತ್ತು. ಅವರು ಊಟಕ್ಕೂ ಹೋಗದೆ ಆ ಕಂಬಗಳನ್ನು ನೋಡುತ್ತಾ ಕೂತಿರುತ್ತಿದ್ದರು.

ನಾನು ಹೇಳಬೇಕೆಂದಿರುವ ಕತೆ ಆ ಆ್ಯಪಿನಿಂದಲೇ ಶುರುವಾದದ್ದು.

ಆ ವರ್ಷದ ಸ್ಕಾಲರುಗಳಲ್ಲಿ ಸಫಿಯಾ ಎಂಬ ಹುಡುಗಿಯಿದ್ದಳು. ಉಳ್ಳಾಲದವಳು. ದಿನಾ ಎರಡು ಬಸ್ಸು ಬದಲಿಸಿ, ಅರ್ಧ ದಾರಿ ನೇತಾಡಿಕೊಂಡೇ ಕಾಲೇಜಿಗೆ ಬರುತ್ತಿದ್ದಳು. ಅವಳ ಜೋಡಿಗೆ ಹಾಕಿದ್ದು ಪ್ರೀತಂ ಶೆಟ್ಟಿಯನ್ನು. ಅವನ ಮನೆಯವರದ್ದು ಹೋಟೆಲ್ ವ್ಯಾಪಾರ. ಸ್ಕೂಟರು, ಕಾರು ಬಿಟ್ಟರೆ ಸಿಟಿ ಬಸ್ಸಿನ ಒಳಗೆ ಹೇಗಿರುತ್ತದೆಂದು ಆ ಹುಡುಗನಿಗೆ ಗೊತ್ತಿರಲಿಲ್ಲ. ಸಫಿಯಾ ಆರಿಸಿದ ವಿಷಯ: ಬಸ್ಸೇ ನಿಲ್ಲದ ಕಡೆ ತಂಗುದಾಣ ಏಕೆ ಕಟ್ಟುತ್ತಾರೆ?

ಕೂಳೂರು ಸೇತುವೆ ದಾಟಿ ಪೇಟೆಯ ಕಡೆಗೆ ಬರುವಾಗ ಅಂಥದ್ದೊಂದು ತಂಗುದಾಣ ಅವಳ ಕಣ್ಣಿಗೆ ಬಿದ್ದಿತ್ತು. ಗಟ್ಟಿ ಸಿಮೆಂಟಿನ ಮಾಡು, ಮೂರು ಜನ ಕೂರುವಷ್ಟು ಬೆಂಚು, ಕಟ್ಟಿಸಿದವರ ಹೆಸರಿನ ಕರಿಕಲ್ಲಿನ ಫಲಕ. ಫಲಕವೇ ಬೆಂಚಿಗಿಂತ ದೊಡ್ಡದು. ಬಸ್ಸುಗಳು ಮಾತ್ರ ಅದನ್ನು ದಾಟಿ ಬಹಳ ಮುಂದೆ, ಅಂಗಡಿಸಾಲಿನ ಹತ್ತಿರ ನಿಲ್ಲುತ್ತಿದ್ದವು. ತಂಗುದಾಣದಲ್ಲಿ ಎರಡು ನಾಯಿಗಳು ಸಂಸಾರ ಹೂಡಿದ್ದವು.

ಮಕ್ಕಳಿಬ್ಬರೂ ಬೆಳಗ್ಗೆ ಹೋಗಿ ನಿಂತರು. ಮಧ್ಯಾಹ್ನದವರೆಗೆ ಒಂದು ಬಸ್ಸೂ ನಿಲ್ಲಲಿಲ್ಲ. ಸಫಿಯಾ ಖುಷಿಯಿಂದ ಆ್ಯಪ್ ತೆಗೆದು ‘ನಿಂತ ಬಸ್ಸುಗಳು’ ಎಂಬಲ್ಲಿ ಸೊನ್ನೆ ಹಾಕಿದಳು. ‘ದಯವಿಟ್ಟು ಸರಿಯಾದ ಉತ್ತರ ನೀಡಿ’ ಎಂದು ಕೆಂಪಕ್ಷರ ಬಂತು. ಮತ್ತೆ ಹಾಕಿದಳು. ಮತ್ತೆ ಕೆಂಪು. ನನಗೆ ಫೋನ್ ಮಾಡಿದಳು. ನಾನು ಆ್ಯಪ್ ಕಂಪೆನಿಯವರಿಗೆ ಮಾಡಿದೆ.

“ಸೊನ್ನೆ ಅಂದ್ರೆ ಉತ್ತರ ಅಲ್ಲ ಮೇಡಂ, ಉತ್ತರ ಕೊಟ್ಟಿಲ್ಲ ಅಂತ ಅರ್ಥ” ಎಂದ ಅಲ್ಲಿಯ ಹುಡುಗ.

“ನಮ್ಮ ಇಡೀ ಸಂಶೋಧನೆಯೇ ಆ ಸೊನ್ನೆಯ ಬಗ್ಗೆ ಮಾರಾಯ.”

“ಒಂದಾದರೂ ಬಸ್ಸು ನಿಲ್ಲದ ಬಸ್‌ಸ್ಟಾಪ್ ಹೇಗಿರ್ತದೆ ಮೇಡಂ? ನೀವೇ ಹೇಳಿ.”

ನಾನು ಅವನಿಗೆ ಉತ್ತರ ಹುಡುಕುತ್ತಿದ್ದಾಗ ಅತ್ತ ಸಫಿಯಾ ತನ್ನದೇ ದಾರಿ ಕಂಡುಕೊಂಡಿದ್ದಳು. ಒಂದಾದರೂ ಬಸ್ಸು ನಿಲ್ಲದೆ ವರದಿ ಹೋಗುವುದಿಲ್ಲವಾದರೆ ಒಂದನ್ನು ನಿಲ್ಲಿಸಿಯೇ ಬಿಡೋಣ ಎಂದು ರಸ್ತೆಯ ಅಂಚಿಗೆ ಬಂದು ಕೈ ಅಡ್ಡ ಹಿಡಿದಳು. ಬ್ರೇಕು ಕಿರುಚಿಕೊಂಡು ಬಸ್ಸೊಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡೇ ತುಳುವಿನಲ್ಲಿ “ಓಡೆಗ್?” ಎಂದು ಕೇಳಿದ.

“ಎಲ್ಲಿಗೂ ಇಲ್ಲ” ಎಂದಳು ಸಫಿಯಾ.

“ಎಲ್ಲಿಗೂ ಇಲ್ಲದ್ದಕ್ಕೆ ಕೈ ಎಂತಕ್ಕೆ ಹಿಡಿದದ್ದು ಮಾರಾಯ್ತಿ?”

ಬಸ್ಸಿನ ತುಂಬ ಜನ ಕಿಟಕಿಯಿಂದ ನೋಡುತ್ತಿದ್ದರು. ಮರ್ಯಾದೆಗೆ ಹೆದರಿ ಅವಳು ಹತ್ತಿಕೊಂಡು, ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ನಡೆದು ವಾಪಸ್ ಬಂದಳು. ಆದರೆ ಆ್ಯಪಿನಲ್ಲಿ ಹಸಿರು ಟಿಕ್ ಬಿತ್ತು. ಡೈರೆಕ್ಟರ ಕೋಣೆಯಲ್ಲಿ ಒಂದು ಪುಟ್ಟ ಕಂಬ ಎದ್ದಿತು.

ನಮ್ಮ ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವೂ ಖಾಸಗಿಯವರವು. ಒಂದರ ಹಿಂದೆ ಒಂದು, ಗಡಿಯಾರ ನೋಡಿಕೊಂಡು, ಜನರಿಗಾಗಿ ಜಗಳಾಡಿಕೊಂಡು ಓಡುವಂಥವು. ಕೂಳೂರಿನ ತಂಗುದಾಣದಲ್ಲಿ ಆ ಬಸ್ಸಿಗೆ ಒಬ್ಬ ಪ್ಯಾಸೆಂಜರ್ ಸಿಕ್ಕಿದ್ದನ್ನು ಹಿಂದಿನ ಬಸ್ಸಿನವನು ನೋಡಿದ್ದ. ಮರುದಿನ ಮಕ್ಕಳು ಮತ್ತೆ ಎಣಿಸಲು ನಿಂತಾಗ ಅವನೂ ನಿಲ್ಲಿಸಿದ. ಅವನು ನಿಲ್ಲಿಸಿದ್ದನ್ನು ಕಂಡು ಇನ್ನೊಬ್ಬ. ವಾರ ಕಳೆಯುವಷ್ಟರಲ್ಲಿ ಸಫಿಯಾ, ಪ್ರೀತಂ ನಿಂತಿದ್ದಾಗ ಹಾದುಹೋಗುವ ಬಸ್ಸುಗಳೆಲ್ಲ ನಿಲ್ಲತೊಡಗಿದವು. ಮಕ್ಕಳು “ಇಲ್ಲ, ಇಲ್ಲ, ನಾವು ಸರ್ವೆಯವರು” ಎಂದು ಕೈಯಾಡಿಸುವುದು, ಕಂಡಕ್ಟರುಗಳು ಬೈದುಕೊಂಡು ಸೀಟಿ ಊದುವುದು ದಿನಚರಿಯಾಯಿತು.

ಸಫಿಯಾ ನನ್ನ ಕೋಣೆಗೆ ಬಂದು ಅಳುವುದೊಂದು ಬಾಕಿ. “ಮೇಡಂ, ಬಸ್ಸು ಯಾಕೆ ನಿಲ್ಲುವುದಿಲ್ಲ ಅಂತ ನನ್ನ ಪ್ರಶ್ನೆ. ಈಗ ಅದು ನಿಲ್ತದೆ. ನಾನು ಎಂತ ಮಾಡ್ಲಿ?”

ಅಷ್ಟರಲ್ಲಿ ತಂಗುದಾಣಕ್ಕೆ ನಿಜವಾದ ಪ್ರಯಾಣಿಕರೂ ಬರತೊಡಗಿದ್ದರು. ಮೊದಲು ಬಂದವರು ಅದರ ಹಿಂದಿನ ಓಣಿಯ ಜುಲಿಯಾನಾ ಬಾಯಿ. ಗಲ್ಫಿನಲ್ಲಿ ಬಹಳ ವರ್ಷ ನರ್ಸಾಗಿದ್ದು ಊರಿಗೆ ಮರಳಿದವರು. ಅವರ ಗಂಡನಿಗೆ ಒಂದು ಬದಿಗೆ ಲಕ್ವ ಹೊಡೆದು, ಪೇಟೆಯ ಆಸ್ಪತ್ರೆಗೆ ವ್ಯಾಯಾಮ ಮಾಡಿಸಲು ಕರೆದೊಯ್ಯಬೇಕಾಗಿತ್ತು. ಹೆದ್ದಾರಿಯ ಅಂಚಿನಲ್ಲಿ ಅವರನ್ನು ಅಂಗಡಿಸಾಲಿನವರೆಗೆ ನಡೆಸಲು ಹೆದರಿ, ವ್ಯಾಯಾಮವನ್ನೇ ನಿಲ್ಲಿಸಿಬಿಟ್ಟಿದ್ದರು. ಈಗ ಗೇಟಿನ ಎದುರೇ ಬಸ್ಸು. ಗಂಡನ ತೋಳು ಹಿಡಿದು, ಸಣ್ಣ ಹೆಜ್ಜೆ ಹಾಕಿಸುತ್ತಾ ಬಂದು ಕೂರುತ್ತಿದ್ದರು. “ನೀವು ಮಕ್ಕಳು ಬಂದದ್ದು ದೇವರ ದಯೆ” ಎಂದು ಸಫಿಯಾಳಿಗೆ ಕೆಸುವಿನೆಲೆಯ ಪತ್ರೊಡೆ ಕಟ್ಟಿಕೊಟ್ಟರು.

ಬಸ್ಸು ಎಣಿಸುವ ಅವಧಿ ಮುಗಿಯಿತೆಂದು ಮಕ್ಕಳು ಎರಡು ದಿನ ಹೋಗಲಿಲ್ಲ. ಬಸ್ಸುಗಳೂ ನಿಲ್ಲಲಿಲ್ಲ. ಜುಲಿಯಾನಾ ಬಾಯಿ ಒಂದು ಕೈಯಲ್ಲಿ ಗಂಡನನ್ನು, ಇನ್ನೊಂದು ಕೈಯಲ್ಲಿ ಕೊಡೆಯನ್ನು ಹಿಡಿದಿದ್ದರು. ಬಸ್ಸಿಗೆ ಕೈ ತೋರಿಸಲು ಮೂರನೆಯ ಕೈ ಇರಲಿಲ್ಲ. ವಿಷಯ ತಿಳಿದು ಸಫಿಯಾ ಮರುದಿನ ತಾನಾಗಿಯೇ ಹೋಗಿ ನಿಂತಳು.

ನಾನು ಅವಳನ್ನು ಕರೆದುಕೊಂಡು ಬಸ್ ಸ್ಟಾಪುಗಳನ್ನು ನೋಡಿಕೊಳ್ಳುವ ಕಚೇರಿಗೆ ಹೋದೆ. ಅಧಿಕಾರಿ ಸೌಜನ್ಯದಿಂದ ಕೂರಿಸಿ ಚಾ ತರಿಸಿದರು.

“ಅಲ್ಲಿ ಸ್ಟಾಪೇ ಇಲ್ಲ ಮೇಡಂ.”

“ತಂಗುದಾಣ ಉಂಟಲ್ಲ?”

“ತಂಗುದಾಣ ಉಂಟು. ತಂಗಬಹುದು. ಬಸ್ಸು ಹತ್ತುವ ಹಾಗಿಲ್ಲ.”

“ಜನ ಹತ್ತುತ್ತಾ ಇದ್ದಾರೆ ಸರ್” ಎಂದಳು ಸಫಿಯಾ.

“ಸ್ಟಾಪ್ ಇಲ್ಲದ ಕಡೆ ಹತ್ತುವವರು ಪ್ಯಾಸೆಂಜರ್ ಆಗುವುದಿಲ್ಲಮ್ಮ. ಪ್ಯಾಸೆಂಜರ್ ಇದ್ದಾರೆ ಅಂತಾದ್ರೆ ಸ್ಟಾಪ್ ಮಾಡಬಹುದಿತ್ತು” ಎಂದು ಅವರು ನಿಜವಾದ ವಿಷಾದದಿಂದ ಹೇಳಿದರು. ಚಾ ಮಾತ್ರ ಚೆನ್ನಾಗಿತ್ತು.

ಪ್ರಭಾಕರ ಸರ್‌ಗೆ ಈ ಯಾವ ಗೊಂದಲವೂ ಇರಲಿಲ್ಲ. ಕಂಬಗಳು ದಿನದಿನಕ್ಕೆ ಎತ್ತರವಾಗುತ್ತಿದ್ದವು. “ನೋಡಿ ಮೇಡಂ, ಸತ್ತುಹೋಗಿದ್ದ ತಂಗುದಾಣಕ್ಕೆ ನಮ್ಮ ಸಂಶೋಧನೆ ಜೀವ ಕೊಟ್ಟಿತು! ಇದು ಇಂಪ್ಯಾಕ್ಟ್!” ಎಂದರು. ಯೋಜನೆಯನ್ನು ಪರಿಶೀಲಿಸಲು ಹೊರಗಿನಿಂದ ಒಂದು ಸಮಿತಿ ಬರುವುದಿತ್ತು. ಅದು ಬಂದು ಹೋಗುವವರೆಗೆ ಕಂಬ ಇಳಿಯಬಾರದೆಂದು ಎಲ್ಲ ಸ್ಕಾಲರುಗಳಿಗೂ ಸರದಿಯ ಮೇಲೆ ‘ನಿಲ್ಲುವ ಡ್ಯೂಟಿ’ ಹಾಕಿದರು. ಮೀನು ಮಾರುಕಟ್ಟೆಯ ಬಗ್ಗೆ ಓದುತ್ತಿದ್ದವರು, ಫುಟ್‌ಪಾತಿನ ಬಗ್ಗೆ ಓದುತ್ತಿದ್ದವರು ಎಲ್ಲ ಬಂದು ಕೂಳೂರಿನಲ್ಲಿ ನಿಂತರು. ಪರೀಕ್ಷೆ ಹತ್ತಿರವಾಗಿತ್ತು. ಬೆಂಚಿನಲ್ಲಿ ಕೂತು ರಸಾಯನಶಾಸ್ತ್ರ ಬಾಯಿಪಾಠ ಮಾಡುವವರು, ಬಸ್ಸು ಕಂಡೊಡನೆ ಪುಸ್ತಕ ಮಡಚಿ ಕೈ ಹಿಡಿಯುವವರು. ನಾಯಿಗಳು ಬೇಸತ್ತು ಬೇರೆ ಕಡೆ ಹೋದವು.

ಪ್ರೀತಂನ ತಂದೆ ಫೋನ್ ಮಾಡಿದರು. “ಮೇಡಂ, ನಮ್ಮ ಮಗ ದಿನಾ ಬಸ್‌ಸ್ಟ್ಯಾಂಡಿನಲ್ಲಿ ನಿಲ್ತಾನಂತೆ. ನೆಂಟರೆಲ್ಲ ಕೇಳ್ತಾ ಇದ್ದಾರೆ. ಯಾವುದಾದ್ರೂ ಹುಡುಗಿಯ ಹಿಂದೆ ಬಿದ್ದಿದ್ದಾನಾ?”

“ಇಲ್ಲ ಶೆಟ್ರೆ, ಅದು ಅವನ ಸಂಶೋಧನೆ.”

“ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದಾ? ಅದಕ್ಕೆ ನೀವು ಇಂಟರ್‌ವ್ಯೂ ಬೇರೆ ಮಾಡಿದ್ರಲ್ಲ!” ಆಮೇಲೆ, “ಹುಡುಗಿ ಆಗಿದ್ರೆ ಒಳ್ಳೆಯದಿತ್ತು” ಎಂದು ಫೋನ್ ಇಟ್ಟರು.

ಇಷ್ಟೆಲ್ಲ ತಮಾಷೆಯ ನಡುವೆ ಸಫಿಯಾ ನಿಜವಾಗಿ ಸಂಕಟಪಡುತ್ತಿದ್ದಳು. ಆ ವರ್ಷದ ಒಂದು ವರದಿಯನ್ನು ದೆಹಲಿಯಲ್ಲಿ ಮಂಡಿಸಲು ಆರಿಸುವುದಿತ್ತು. ಡೈರೆಕ್ಟರು ಅವಳದ್ದನ್ನೇ ಆರಿಸಿದ್ದರು. ಷರತ್ತು ಒಂದೇ: ‘ಸಂಶೋಧನೆಯ ಫಲವಾಗಿ ತಂಗುದಾಣ ಯಶಸ್ವಿಯಾಯಿತು’ ಎಂದು ಬರೆಯಬೇಕು. ಅವಳ ಮನೆಯಲ್ಲಿ ದೆಹಲಿಗೆ ಹೋದ ಹೆಣ್ಣುಮಕ್ಕಳೇ ಇರಲಿಲ್ಲ. ತಂದೆ ಆಗಲೇ ನೆರೆಕರೆಗೆಲ್ಲ ಹೇಳಿಯಾಗಿತ್ತು.

“ಹತ್ತಿದವರಲ್ಲಿ ಹೆಚ್ಚಿನವರು ನಾವೇ ಅಲ್ವಾ ಮೇಡಂ” ಎಂದಳು. “ಯಶಸ್ವಿ ಅಂತ ಬರೆದ್ರೆ ಸುಳ್ಳು. ನಾವು ನಿಂತದ್ದಕ್ಕೆ ಬಸ್ಸು ನಿಂತದ್ದು ಅಂತ ನಿಜ ಬರೆದ್ರೆ, ಅಲ್ಲಿ ಪ್ಯಾಸೆಂಜರೇ ಇಲ್ಲ ಅಂತ ತಂಗುದಾಣವನ್ನೇ ಕೆಡವಿ ಹಾಕಿಯಾರು. ಜುಲಿಯಾನಾ ಆಂಟಿ ಎಂತ ಮಾಡ್ತಾರೆ?”

“ನೀನು ಎಂತ ಬರೆದ್ರೂ ಮಾರ್ಗದರ್ಶಕಿ ಅಂತ ಸಹಿ ನನ್ನದು. ಯಾವುದಕ್ಕೆ ಹಾಕಿದ್ರೆ ನಿನಗೆ ನಿದ್ದೆ ಬರ್ತದೆ ನೋಡು” ಎಂದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಹೇಳುತ್ತೇನೆ, ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ಮಾರ್ಗದರ್ಶನ ಕೊಡಲು ನನಗೆ ಕೊನೆಯವರೆಗೂ ಬರಲಿಲ್ಲ.

ಸಮಿತಿ ಬಂತು. ಮೂವರು ಸದಸ್ಯರು. ಅಧ್ಯಕ್ಷರು ಉತ್ತರ ಭಾರತದ ಹಿರಿಯ ಪ್ರಾಧ್ಯಾಪಕರು, ಬಿಳಿ ಗಡ್ಡ, ಕಡಿಮೆ ಮಾತು. ಪ್ರಭಾಕರ ಸರ್ ಅವರನ್ನು ಕೂಳೂರಿಗೇ ಕರೆತಂದರು. ತಂಗುದಾಣಕ್ಕೆ ಮಾವಿನೆಲೆ ತೋರಣ ಕಟ್ಟಿಸಿದ್ದರು. ಒಂದು ಬಟ್ಟೆಯ ಬ್ಯಾನರು, ಮಲ್ಲಿಗೆಯ ಹಾರಗಳು, ಬ್ಲೇಜರ್ ತೊಟ್ಟ ಸ್ಕಾಲರುಗಳು, ನಾವು ನಾಲ್ಕಾರು ಅಧ್ಯಾಪಕರು. ಎಲ್ಲರೂ ಬಸ್ಸಿಗಾಗಿ ಕಾದೆವು.

ಮೊದಲ ಬಸ್ಸು ದೂರದಿಂದ ಬಂತು. ಮಕ್ಕಳೆಲ್ಲ ಒಟ್ಟಿಗೆ ಕೈಯೆತ್ತಿದರು. ಬ್ಯಾನರು, ಗುಂಪು, ಮೇಲೆದ್ದ ಕೈಗಳನ್ನು ನೋಡಿದ ಡ್ರೈವರ್ ಇದು ರಸ್ತೆ ತಡೆಯೆಂದು ತಿಳಿದ. ಹಾರ್ನ್ ಒತ್ತಿಹಿಡಿದು ಬಿರುಸಾಗಿ ಹೋಗಿಯೇಬಿಟ್ಟ. ಎರಡನೆಯವನೂ ಹಾಗೇ. ಪ್ರಭಾಕರ ಸರ್ ಗಾಬರಿಯಾಗಿ “ಜೋರಾಗಿ ಕೈ ಆಡಿಸಿ!” ಎಂದು ಕೂಗಿದರು. ಮಕ್ಕಳು ಆಡಿಸಿದರು. ಬಸ್ಸುಗಳು ಇನ್ನೂ ವೇಗವಾಗಿ ಓಡಿದವು. ಕೊನೆಗೆ ಪೊಲೀಸ್ ಜೀಪೊಂದು ಮಾತ್ರ ನಿಂತಿತು. ಇನ್‌ಸ್ಪೆಕ್ಟರ್ ಇಳಿದು, “ನಿಮ್ಮ ಬೇಡಿಕೆ ಎಂತದು?” ಎಂದು ಕೇಳಿದರು.

“ಬೇಡಿಕೆ ಇಲ್ಲ, ಇದು ಪರಿಶೀಲನೆ” ಎಂದರು ನಮ್ಮ ಡೈರೆಕ್ಟರು.

“ಬೇಡಿಕೆ ಇಲ್ಲದೆ ಪ್ರತಿಭಟನೆಗೆ ಪರ್ಮಿಶನ್ ಇಲ್ಲ.”

ಅವರನ್ನು ಒಪ್ಪಿಸಿ ಕಳಿಸುವಷ್ಟರಲ್ಲಿ ಪ್ರಭಾಕರ ಸರ್ ಅವರ ಮುಖ ಕಪ್ಪಿಟ್ಟಿತ್ತು. ಆಗ ಸಫಿಯಾ ಮುಂದೆ ಬಂದು, “ಸರ್, ನೀವೆಲ್ಲ ಸ್ವಲ್ಪ ಅಡಗಿಕೊಳ್ಳಬೇಕು. ಬಸ್ಸು ನನಗೆ ನಿಲ್ತದೆ” ಎಂದಳು.

ಹಾಗೆ ಆ ವಿದ್ವಾಂಸರನ್ನೂ, ಡೈರೆಕ್ಟರನ್ನೂ, ಮಲ್ಲಿಗೆ ಹಾರಗಳನ್ನೂ ಜುಲಿಯಾನಾ ಬಾಯಿಯ ಅಂಗಳಕ್ಕೆ ಸಾಗಿಸಿ, ಪಾಗಾರದ ಗೋಡೆಯ ಹಿಂದೆ ಕೂರಿಸಿದೆವು. ಜುಲಿಯಾನಾ ಬಾಯಿ ಎಲ್ಲರಿಗೂ ಪುನರ್ಪುಳಿ ಶರಬತ್ತು ಕೊಟ್ಟು, “ತಲೆ ತಗ್ಗಿಸಿ, ಕಾಣ್ತದೆ” ಎಂದು ಗದರಿದರು. ಅಧ್ಯಕ್ಷರು ಮಾತ್ರ ನಮ್ಮ ಮಾತು ಕೇಳದೆ, ತಾವೂ ಒಬ್ಬ ಪ್ರಯಾಣಿಕನಂತೆ ತಂಗುದಾಣದ ಬೆಂಚಿನಲ್ಲಿ ಕೂತರು. ಸಫಿಯಾ ಬಸ್ಸಿಗೆ ಕೈ ಅಡ್ಡ ಹಿಡಿದಳು. ಬಸ್ಸು ನಿಂತಿತು. ಅಧ್ಯಕ್ಷರು ಹತ್ತಿದರು, ಅವರ ಹಿಂದೆ ಅವಳೂ ಹತ್ತಿದಳು. ಅದನ್ನು ಕಂಡ ಪ್ರಭಾಕರ ಸರ್ ಸಂತೋಷ ತಡೆಯಲಾರದೆ ಚಪ್ಪಾಳೆ ಹೊಡೆಯುತ್ತಾ ಎದ್ದರು. ಬ್ಯಾನರಿನೊಂದಿಗೆ ಉಳಿದವರೂ ಎದ್ದರು. ಗೋಡೆಯ ಹಿಂದಿನಿಂದ ಗುಂಪೊಂದು ಮೇಲೆದ್ದದ್ದನ್ನು ನೋಡಿ ಹೆದರಿದ ಕಂಡಕ್ಟರ್ ಸೀಟಿ ಊದಿದ. ಸಮಿತಿಯ ಅಧ್ಯಕ್ಷರನ್ನು ಹೊತ್ತುಕೊಂಡು ಬಸ್ಸು ಹೋಗಿಬಿಟ್ಟಿತು.

ಆ ಬಸ್ಸಿನಲ್ಲಿ ನಡೆದದ್ದನ್ನು ಸಫಿಯಾ ಆಮೇಲೆ ನನಗೆ ಹೇಳಿದಳು. ಇಬ್ಬರಿಗೂ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದಾಗ ಅಧ್ಯಕ್ಷರು ಇಂಗ್ಲಿಷಿನಲ್ಲಿ, “ನೀನು ದಿನಾ ಇಲ್ಲಿಂದಲೇ ಬಸ್ಸು ಹತ್ತುತ್ತೀಯಾ?” ಎಂದು ಕೇಳಿದರಂತೆ. ಹೌದೆಂದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು.

“ಇಲ್ಲ ಸರ್” ಎಂದಳಂತೆ. “ಆ್ಯಪ್ ಸೊನ್ನೆ ತೆಗೆದುಕೊಳ್ಳಲಿಲ್ಲ. ಅದಕ್ಕೆ ಹತ್ತಿದ್ದು.”

ಆಮೇಲೆ ಎಲ್ಲವನ್ನೂ ಹೇಳಿದಳು. ಅಧ್ಯಕ್ಷರು ನಗತೊಡಗಿದರು. ನಗುತ್ತಾ ಹೋಗಿ ಪಕ್ಕದ ಸೀಟಿನ ಹೆಂಗಸಿನ ಮೀನಿನ ಬುಟ್ಟಿಗೆ ಒರಗಿಬಿಟ್ಟರು. ಆಕೆ ಬೈದದ್ದನ್ನು ಸಫಿಯಾ ಭಾಷಾಂತರಿಸಲಿಲ್ಲ. ನಗು ಇಳಿದ ಮೇಲೆ, “ನೀವು ಮಕ್ಕಳು ನಿಲ್ಲುವುದನ್ನು ಬಿಟ್ಟರೆ?” ಎಂದು ಕೇಳಿದರು.

“ಬಸ್ಸೂ ನಿಲ್ಲುವುದಿಲ್ಲ. ಬಸ್ಸು ನಿಲ್ಲದಿದ್ರೆ ಜನ ಬರುವುದಿಲ್ಲ. ಜನ ಬಾರದಿದ್ರೆ ಬಸ್ಸು ನಿಲ್ಲುವುದಿಲ್ಲ. ಯಾರಾದರೂ ಮೊದಲು ನಿಲ್ಲಬೇಕು ಸರ್. ಆ ಮನೆಯ ಅಂಕಲ್‌ಗೆ ತುಂಬ ಹೊತ್ತು ನಿಲ್ಲಲಿಕ್ಕೆ ಆಗುವುದಿಲ್ಲ.”

“ಇದನ್ನೇ ಬರೆ” ಎಂದರಂತೆ ಅವರು. ಪೇಟೆಯ ನಡುವಿನ ಹಂಪನಕಟ್ಟೆಯಲ್ಲಿ ಇಳಿದು ಅವಳಿಗೆ ಐಸ್‌ಕ್ರೀಂ ಕೊಡಿಸಿ, ರಿಕ್ಷಾ ಹಿಡಿದು ವಾಪಸ್ ಬಂದರು.

ಸಫಿಯಾ ಹಾಗೆಯೇ ಬರೆದಳು, ನಾನು ಸಹಿ ಹಾಕಿದೆ. ಡೈರೆಕ್ಟರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಅಧ್ಯಕ್ಷರು ತಮ್ಮ ವರದಿಯಲ್ಲಿ ಅವಳ ಪ್ರಾಮಾಣಿಕತೆಯನ್ನೇ ಎತ್ತಿ ಹೇಳಿದ ಮೇಲೆ, “ನಾನು ಮೊದಲಿನಿಂದಲೂ ಹೇಳ್ತಾ ಇದ್ದೆ, ನಿಜವೇ ದೊಡ್ಡ ಇಂಪ್ಯಾಕ್ಟ್ ಅಂತ” ಎಂದು ಎಲ್ಲರಿಗೂ ಲಡ್ಡು ಹಂಚಿದರು. ಅವಳು ದೆಹಲಿಗೆ ಹೋಗಿಬಂದಳು. ಈಗ ನಗರ ಯೋಜನೆ ಓದಿ ಕೆಲಸದಲ್ಲಿದ್ದಾಳೆ.

ವರದಿಯ ಒಂದು ಪ್ರತಿ ಚಾ ಕುಡಿಸಿದ ಆ ಅಧಿಕಾರಿಗೂ ಹೋಗಿತ್ತು. ಅವರು ಅದನ್ನು ಪೂರ್ತಿ ಓದಿದರು ಎಂಬುದೇ ಒಂದು ಆಶ್ಚರ್ಯ. ‘ಯಾರಾದರೂ ಮೊದಲು ನಿಲ್ಲಬೇಕು’ ಎಂಬ ಶಿಫಾರಸನ್ನು ಅಕ್ಷರಶಃ ಒಪ್ಪಿ, ತಂಗುದಾಣದಲ್ಲಿ ನಿಲ್ಲಲು ಒಬ್ಬ ಹೋಂಗಾರ್ಡನ್ನು ಕಳಿಸಿದರು. ಖಾಕಿ ಕಂಡೊಡನೆ ಬಸ್ಸಿನವರು ದಂಡ ಹಾಕುತ್ತಾರೆಂದು ಹೆದರಿ, ಮತ್ತೆ ನಿಲ್ಲಿಸದೆ ಓಡತೊಡಗಿದರು. ಜುಲಿಯಾನಾ ಬಾಯಿ ಒಂದು ದಿನ ನೋಡಿದರು, ಎರಡು ದಿನ ನೋಡಿದರು. ಮೂರನೆಯ ದಿನ, “ನೀನು ಒಳಗೆ ಬಂದು ಕೂತುಕೊ ಮಗಾ, ಪೇಪರ್ ಓದು” ಎಂದು ಅವನನ್ನು ತಮ್ಮ ಜಗಲಿಗೆ ಕರೆದರು. ಅವನು ಒಳಗೆ ಕೂತ, ಅಷ್ಟರಲ್ಲಿ ಅಲ್ಲಿ ಕಾಯತೊಡಗಿದ್ದ ಬೇರೆ ಜನ ಕೈ ತೋರಿಸಿದರು, ಬಸ್ಸುಗಳು ನಿಂತವು. ಬಾಯಿಯ ಗಂಡನ ಎದುರು ಚೆನ್ನೆಮಣೆ ಆಡುತ್ತಾ ಅವನು ತನ್ನ ಡ್ಯೂಟಿ ಮುಗಿಸಿದ. ನಿಲ್ಲುವ ಸಿಬ್ಬಂದಿಯಿಂದ ತಂಗುದಾಣ ಉತ್ತಮವಾಗಿ ನಡೆಯುತ್ತಿದೆಯೆಂದು ಕಚೇರಿಗೆ ವರದಿ ಹೋಯಿತು. ಗಂಡನ ಬಿದ್ದುಹೋಗಿದ್ದ ಕೈ ಚೆನ್ನೆಮಣೆಯ ಕಾಯಿ ಹೆಕ್ಕುವಷ್ಟು ಚುರುಕಾಯಿತು. ಅದಕ್ಕೆ ಆಸ್ಪತ್ರೆಯ ವ್ಯಾಯಾಮ ಕಾರಣವೋ ಹೋಂಗಾರ್ಡ್ ಕಾರಣವೋ ಎಂದು ಯಾರೂ ಸಂಶೋಧನೆ ಮಾಡಲಿಲ್ಲ.

ಮರುವರ್ಷ ನಾನು ನಿವೃತ್ತಳಾದೆ. ಮೊನ್ನೆ ಸುರತ್ಕಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕೂಳೂರು ಸೇತುವೆ ದಾಟಿದೊಡನೆ ಕಂಡಕ್ಟರ್, “ಸರ್ವೆ, ಸರ್ವೆ! ಸರ್ವೆ ಇಳಿಯುವವರು ಎದುರು ಬನ್ನಿ!” ಎಂದು ಕೂಗಿದ. ನಾನು ಬೆಚ್ಚಿ ಕಿಟಕಿಯಿಂದ ನೋಡಿದೆ. ಅದೇ ತಂಗುದಾಣ. ಮೀನಿನ ಫ್ಯಾಕ್ಟರಿಯ ಹೆಂಗಸರು ಇಳಿದರು, ಶಾಲೆಯ ಮಕ್ಕಳು ಹತ್ತಿದರು. ಬ್ಲೇಜರ್ ತೊಟ್ಟವರು ಯಾರೂ ಇರಲಿಲ್ಲ.

ನನ್ನ ಎದುರಿನ ಸೀಟಿನ ಹುಡುಗಿ ಪಕ್ಕದ ಹಿರಿಯರನ್ನು ಕೇಳಿದಳು, “ಇದಕ್ಕೆ ಸರ್ವೆ ಅಂತ ಹೆಸರು ಯಾಕೆ ಅಜ್ಜ?”

“ಅದು ಬ್ರಿಟಿಷರ ಕಾಲದ್ದು ಮಗಾ” ಎಂದರು ಅವರು, ಸ್ವಲ್ಪವೂ ಅನುಮಾನವಿಲ್ಲದೆ. “ಇಡೀ ಮಂಗಳೂರಿನ ಜಾಗವನ್ನು ಅಳೆಯಲಿಕ್ಕೆ ಶುರು ಮಾಡಿದ್ದು ಇಲ್ಲಿಂದಲೇ. ನನ್ನ ಅಜ್ಜ ನೋಡಿದ್ದಾರೆ.”

ಹುಡುಗಿ ತಲೆದೂಗಿದಳು. ನಾನು ಟಿಕೆಟನ್ನು ಮಡಚಿ, ಕಿಟಕಿಯ ಹೊರಗೆ ನೋಡುತ್ತಾ ಕೂತೆ.